ಉಭಯ ಕುಶಲೋಪರಿ

ಚಿ. ಪುಟ್ಟಿಗೆ, ಸಾಗರದಿಂದ ನಿನ್ನ ಅಜ್ಜಿ ಮಾಡುವ ಆಶೀರ್ವಾದಗಳು.

ಉಭಯ ಕುಶಲೋಪರಿ. ನಮ್ಮ ಕಾಲದ ಪತ್ರಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರುವುದು. ಕೊಟ್ಟಿಗೆಯಲ್ಲಿ ಹಸು ಸತ್ತಿರಲಿ, ಅಣ್ಣತಮ್ಮಂದಿರು ಪಾಲಿಗೆ ನಿಂತಿರಲಿ, ಆ ಮೊದಲ ಸಾಲು ಮಾತ್ರ ಬದಲಾಗುತ್ತಿರಲಿಲ್ಲ. ಮೊನ್ನೆ ಫೋನಿನಲ್ಲಿ ನೀನು 'ಆರಾಮ್ ಅಜ್ಜಿ' ಎಂದಾಗ ನನಗೆ ಆ ಸಾಲೇ ನೆನಪಾಯಿತು. ಐದು ನಿಮಿಷ ಬಿಟ್ಟು ನೀನು ಅಳತೊಡಗಿದೆ.

ಮೂರು ವಾರದಿಂದ ಮನಶ್ಶಾಸ್ತ್ರಜ್ಞೆಯ ಹತ್ತಿರ ಹೋಗುತ್ತಿದ್ದೀಯ, ಈಗ ಅವರು ಶನಿವಾರದ ಗುಂಪಿಗೂ ಬಾ ಅಂದಿದ್ದಾರೆ ಅಂದೆ. 'ಒಬ್ಬರ ಮುಂದೆ ಬಾಯಿ ಬಿಡೋದೇ ಕಷ್ಟ ಅಜ್ಜಿ, ಇನ್ನು ಎಂಟು ಜನರ ಮುಂದೆ ಕೂತು ಮರ್ಯಾದೆ ಕಳ್ಕೊಳ್ಳಾ?' ಅಂದೆ. ಫೋನಿನಲ್ಲಿ ಉತ್ತರ ಹೊಳೆಯಲಿಲ್ಲ. ಅದಕ್ಕೇ ಈ ಕಾಗದ.

1969ರಲ್ಲಿ ನಾನು ಶಿವಮೊಗ್ಗದ ಹಾಸ್ಟೆಲೊಂದರಲ್ಲಿದ್ದು ಪಿ.ಯು.ಸಿ. ಓದುತ್ತಿದ್ದೆ. ಪರೀಕ್ಷೆಗೆ ಎರಡು ತಿಂಗಳಿರುವಾಗ ನಿದ್ದೆ ಹಾರಿಹೋಯಿತು. ಪುಸ್ತಕ ತೆರೆದರೆ ಅಕ್ಷರ ಕಾಣುತ್ತಿತ್ತು, ಅರ್ಥ ತಲೆಗೆ ಇಳಿಯುತ್ತಿರಲಿಲ್ಲ. ಸುಮ್ಮನೆ ಕೂತಲ್ಲೇ ಎದೆ ಡವಡವ. ಆದರೂ ವಾರಕ್ಕೊಂದು ಇನ್‌ಲ್ಯಾಂಡ್ ಲೆಟರು ತಪ್ಪದೆ ಮನೆಗೆ ಹೋಗುತ್ತಿತ್ತು: ನಾನು ಕ್ಷೇಮ. ಊರಿಗೆ ಬಂದಾಗ ನನ್ನ ಮುಖ ನೋಡಿ ಅಮ್ಮ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟೇ ಬರಲಿಲ್ಲ. 'ಎಂಥಾ ದೃಷ್ಟಿ ಆಗಿದೆ ನೋಡು' ಎಂದು ಕಣ್ಣೊರೆಸಿಕೊಂಡಳು. ಅವಳನ್ನು ನಾನು ಹಳಿಯುವುದಿಲ್ಲ. ಅವಳ ಕೈಯಲ್ಲಿದ್ದ ಮದ್ದು ಅಷ್ಟೇ.

ಹಾಸ್ಟೆಲಿಗೆ ವಾಪಸಾದ ಮೇಲೆ ಒಂದು ರಾತ್ರಿ ನಿದ್ದೆ ಬಾರದೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋದೆ. ಅಲ್ಲಿ ಆಗಲೇ ಒಬ್ಬಳು ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ನಮ್ಮ ಕ್ಲಾಸಿಗೇ ಮೊದಲಿಗಳು, ಯಾವಾಗಲೂ ನಗುನಗುತ್ತಾ ಇರುವವಳು. 'ನಿಂಗೂ ನಿದ್ದೆ ಬರಲ್ವೇನೇ?' ಎಂದಳು. ಸ್ವಲ್ಪ ಹೊತ್ತಿಗೆ ಮೂರನೆಯವಳೂ ಬಂದಳು. ಯಾರೂ ಯಾರಿಗೂ ಪರಿಹಾರ ಹೇಳಲಿಲ್ಲ. ಹೇಳುವುದಕ್ಕೆ ಗೊತ್ತೂ ಇರಲಿಲ್ಲ. ಆದರೆ 'ನನಗೊಬ್ಬಳಿಗೇ ಹೀಗೆ' ಅನ್ನುವ ಭಾರ ಆ ರಾತ್ರಿ ಅರ್ಧ ಇಳಿಯಿತು.

ಆ ಅರ್ಧಕ್ಕೆ ಶಾಸ್ತ್ರದಲ್ಲೂ ಜಾಗವಿದೆ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ. 1905ರಲ್ಲಿ ಬಾಸ್ಟನ್‌ನ ಜೋಸೆಫ್ ಪ್ರಾಟ್ ಎಂಬ ವೈದ್ಯರು ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂರಿಸಿ ಪಾಠ ಹೇಳುತ್ತಿದ್ದರು. ಗಾಳಿ, ವಿಶ್ರಾಂತಿ, ಆಹಾರದ ಪಾಠ. ಪಾಠದಷ್ಟೇ ಒಬ್ಬರ ಮುಖ ಇನ್ನೊಬ್ಬರು ನೋಡುವುದೂ ರೋಗಿಗಳಿಗೆ ಧೈರ್ಯ ಕೊಡುತ್ತಿದೆ ಎಂಬುದು ಅವರ ಕಣ್ಣಿಗೆ ಬಿತ್ತು. ಗುಂಪು ಚಿಕಿತ್ಸೆಯ ಕಥೆಯನ್ನು ಸಾಮಾನ್ಯವಾಗಿ ಅಲ್ಲಿಂದಲೇ ಹೇಳುತ್ತಾರೆ. ಮುಂದೆ ಇರ್ವಿನ್ ಯಾಲೊಮ್ ಎಂಬ ಮನೋವೈದ್ಯರು ಗುಂಪು ಹೇಗೆ ಗುಣ ಮಾಡುತ್ತದೆ ಎಂದು ಹನ್ನೊಂದು ಅಂಶಗಳನ್ನು ಪಟ್ಟಿ ಮಾಡಿದರು. ಅದರಲ್ಲೊಂದು, ನನ್ನ ಕಷ್ಟ ನನ್ನೊಬ್ಬಳದೇ ಅಲ್ಲ ಎಂಬ ಅರಿವು. ನಮ್ಮ ಒಗೆಯುವ ಕಲ್ಲಿನ ಪಾಠ.

ಹಾಗಾದರೆ ಗೆಳತಿಯರ ಹರಟೆಯೇ ಸಾಕಲ್ಲ ಅನ್ನಬೇಡ. ನಮ್ಮ ಮೂವರಲ್ಲಿ ಒಬ್ಬಳು ಆ ವರ್ಷ ಪರೀಕ್ಷೆಗೇ ಕೂರಲಿಲ್ಲ. ಓದು ಬಿಟ್ಟು ಊರಿಗೆ ಹೋದಳು. ಅವಳ ಮನಸ್ಸು ನಮ್ಮ ಕೈಗೆ ಮೀರಿತ್ತು, ಅದು ನಮಗೆ ತಿಳಿಯಲೂ ಇಲ್ಲ. ಶನಿವಾರದ ಗುಂಪಿನಲ್ಲಿ ತಿಳಿಯುವವರೊಬ್ಬರು ಜೊತೆಗೆ ಕೂತಿರುತ್ತಾರೆ. ವ್ಯತ್ಯಾಸ ಅದೇ.

ಮನಶ್ಶಾಸ್ತ್ರಜ್ಞೆಯ ಹತ್ತಿರ ಒಬ್ಬಳೇ ಹೋಗುವ ಆ ಕೋಣೆಯನ್ನೂ ಬಿಡಬೇಡ. ವಾರಕ್ಕೆ ಮುಕ್ಕಾಲು ಗಂಟೆ ಒಬ್ಬರು ಬರೀ ನಿನ್ನ ಮಾತಿಗೆ ಕಿವಿ ಕೊಡುತ್ತಾರಲ್ಲ, ಅದು ಸಣ್ಣ ಸಂಗತಿಯಲ್ಲ. ನಾನು ಮೂವತ್ತು ವರ್ಷ ಮೇಷ್ಟ್ರಗಿರಿ ಮಾಡಿದವಳು. ಅಳುತ್ತಾ ಬಂದ ಮಕ್ಕಳಿಗೆ 'ಧೈರ್ಯವಾಗಿರು, ಚೆನ್ನಾಗಿ ಓದು' ಅಂತ ಉಪದೇಶ ಮಾಡಿ ಕಳಿಸಿದ್ದೇನೆ. ನಿಮ್ಮ ಮೇಡಂ ಹಾಗೆ ಮಾಡಲಿಲ್ಲ. 'ಮಾರ್ಕ್ಸ್ ಕಮ್ಮಿ ಬಂದ್ರೆ ಎಲ್ಲಾ ಮುಗೀತು' ಎಂದು ನೀನು ಅಂದಾಗ, ಆ ಮಾತನ್ನೇ ನೋಟ್‌ಬುಕ್ಕಿನಲ್ಲಿ ಬರೆಸಿ, ಅದು ನಿಜ ಅನ್ನುವುದಕ್ಕೆ ಏನು ಆಧಾರ, ಅಲ್ಲ ಅನ್ನುವುದಕ್ಕೆ ಏನು ಆಧಾರ ಎಂದು ನಿನ್ನ ಕೈಲೇ ಎರಡು ಕಾಲಂ ತುಂಬಿಸಿದರಂತೆ. ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ರೂಪಿಸಿದ ದಾರಿ ಅದು. ಯೋಚನೆ ತಿದ್ದಿದರೆ ಭಾವನೆಯೂ ನಡವಳಿಕೆಯೂ ಜೊತೆಗೇ ಬದಲಾಗುತ್ತವೆ ಎಂಬ ಲೆಕ್ಕ.

ಆದರೆ ಆ ಕೋಣೆಯಲ್ಲಿ ಕಲಿತದ್ದನ್ನು ಪ್ರಯೋಗಿಸಲು ಒಂದು ಅಂಗಳ ಬೇಕು. ನಾಲ್ಕು ಜನರ ಮುಂದೆ ಮಾತಾಡಲು ನಡುಗುವವಳಿಗೆ ನಾಲ್ಕು ಜನರಿಲ್ಲದೆ ಧೈರ್ಯ ಕಲಿಸುವುದು ಹೇಗೆ? ನೀರಿಗಿಳಿಯದೆ ಈಜು ಬಂದೀತೇ? ಇನ್ನೂ ಒಂದಿದೆ. ನಿಮ್ಮ ವಯಸ್ಸಿನಲ್ಲಿ ದೊಡ್ಡವರು ನೂರು ಸಲ ಹೇಳಿದ್ದು ನಾಟುವುದಿಲ್ಲ, ಓರಗೆಯವರು ಒಮ್ಮೆ ಹೇಳಿದ್ದು ನಾಟುತ್ತದೆ. ಇದಕ್ಕೆ ನನ್ನ ಮೂವತ್ತು ವರ್ಷದ ತರಗತಿಯೇ ಸಾಕ್ಷಿ. ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಲ್ಲಿ ಏಳಕ್ಕೊಬ್ಬರಿಗೆ ಮಾನಸಿಕ ತೊಂದರೆ ಇದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿನ್ನ ಕ್ಲಾಸಿನ ಬೆಂಚುಗಳನ್ನು ಎಣಿಸಿ ನೋಡು.

ಮರ್ಯಾದೆಯ ಮಾತಿಗೆ ಬರುತ್ತೇನೆ. ಮೊದಲ ದಿನ ನೀನು ಬಾಯಿ ಬಿಡಲೇಬೇಕೆಂದಿಲ್ಲ. 'ಇವತ್ತು ನಾನು ಕೇಳಿಸಿಕೊಳ್ಳುತ್ತೇನೆ' ಅನ್ನು, ಸಾಕು. ಆದರೆ ನಿಯಮಗಳನ್ನು ಮೊದಲೇ ಕೇಳಿಕೋ: ಇಲ್ಲಿ ಆಡಿದ್ದು ಹೊರಗೆ ಹೋಗುವುದಿಲ್ಲ ತಾನೇ? ನಡುವೆ ಹೊಸಬರು ಸೇರುತ್ತಾರಾ? ನಿನಗೆ ಗುರುತಿನವರು ಯಾರಾದರೂ ಇದ್ದಾರಾ? ಮೇಡಂಗೆ ವೃತ್ತಿಯ ಕಟ್ಟುಪಾಡಿದೆ, ಉಳಿದ ಮಕ್ಕಳಿಗಿರುವುದು ಬರೀ ಕೊಟ್ಟ ಮಾತು. ಅದಕ್ಕೇ ಗುಂಪಿನ ಮಾತು ವಾಟ್ಸಾಪಿಗೆ ಹೋಗಕೂಡದು, ನಿನ್ನಿಂದಲೂ. ಇನ್ನು ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದ್ದರೆ, ಯಾರಾದರೂ ನಿನ್ನ ಮೇಲೆ ದೌರ್ಜನ್ಯ ಮಾಡಿದ್ದರೆ, ಮೇಡಂಗೆ ಅದನ್ನು ಗುಟ್ಟಾಗಿ ಇಡಲಾಗದು. ಅದು ನಂಬಿಕೆದ್ರೋಹವಲ್ಲ, ನಿನ್ನ ಕಾವಲು.

ನಾಲ್ಕು ವಾರ ಹೋಗಿಯೂ ಒಗ್ಗದಿದ್ದರೆ ಮುಚ್ಚಿಡದೆ ಹೇಳು. ಚಪ್ಪಲಿ ಕಚ್ಚಿದರೆ ಬದಲಾಯಿಸುತ್ತೇವೆ, ನಡೆಯುವುದನ್ನು ಬಿಡುವುದಿಲ್ಲ. ಮಾತ್ರೆ ಬೇಕು ಎಂದು ಮನೋವೈದ್ಯರು ಹೇಳಿದರೆ ಅದಕ್ಕೂ ನಾಚಿಕೆ ಬೇಡ. ನನ್ನ ಬಿ.ಪಿ. ಮಾತ್ರೆಗೆ ನಾನು ನಾಚುತ್ತೇನೆಯೇ?

ನಾಡನ್ನೇ ನಗಿಸಿದ 'ಕೊರವಂಜಿ' ಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಬಗ್ಗೆ 'ಮನಮಂಥನ' ಬರೆದರು. 1976ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗಿಸುವವರಿಗೂ ಮನಸ್ಸಿನ ನೋವು ಓದುವ ವಿಷಯವಾಗಿತ್ತು. ನಾವೇ ಅದನ್ನು ಮನೆಯ ಒಳಕೋಣೆಯಲ್ಲಿಟ್ಟು ಬಾಗಿಲು ಹಾಕಿದೆವು.

ನಿನ್ನ ಅಪ್ಪನ ಹತ್ತಿರ ಮಾತಾಡಿದ್ದೇನೆ. ಹದಿನೆಂಟು ತುಂಬದವರಿಗೆ ಹೆತ್ತವರ ಒಪ್ಪಿಗೆ ಬೇಕಲ್ಲ, ಸಹಿ ಹಾಕುತ್ತಾನೆ. 'ಜನ ಏನಂತಾರೆ' ಎಂದು ಒಮ್ಮೆ ಗೊಣಗಿದ. 'ಆ ಜನರನ್ನೂ ಗುಂಪಿಗೆ ಕಳಿಸು' ಎಂದೆ. ನಕ್ಕ.

ಈ ನಂಬರು ಫೋನಿನಲ್ಲಿ ಸೇವ್ ಮಾಡಿಕೋ: 14416. 2022ರ ಅಕ್ಟೋಬರಿನಲ್ಲಿ ಸರ್ಕಾರ ಶುರುಮಾಡಿದ ಟೆಲಿ ಮಾನಸ್. ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಡುರಾತ್ರಿ ಎದೆ ಹೊಡೆದುಕೊಂಡರೆ ಅಲ್ಲಿಗೋ ನನಗೋ, ಯಾರಿಗೆ ಮೊದಲು ಮಾಡಬೇಕು ಅನ್ನಿಸುತ್ತದೋ ಅವರಿಗೆ ಫೋನ್ ಮಾಡು. ಮುದುಕಿಗೆ ಹೇಗೂ ನಿದ್ದೆ ಕಮ್ಮಿ.

ಅಪ್ಪೆಮಿಡಿ ಉಪ್ಪಿನಕಾಯಿ ಬಸ್ಸಿಗೆ ಹಾಕಿದ್ದೇನೆ. ಶನಿವಾರ ಹೋಗಿ ಬಂದು ಎರಡು ಸಾಲು ಬರೆ. ಮೊದಲ ಸಾಲಿನಲ್ಲಿ ಮಾತ್ರ 'ಕ್ಷೇಮ' ಅಂತ ಬರೆಯಬೇಡ. ಹೇಗಿದ್ದೀಯೋ ಹಾಗೇ ಬರೆ.

ಇಂತಿ ನಿನ್ನ
ಅಜ್ಜಿ