ಬೇಡದ ಆ್ಯಪ್‌ಗಳ ಬಾಯಿ ಮುಚ್ಚಿಸಲು ಒಂಬತ್ತು ಸೂತ್ರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಮೇಷ್ಟ್ರು, ಮೇಡಂಗಳ ಫೋನು ಈಗ ಅರ್ಧ ಸರ್ಕಾರಿ ಕಚೇರಿ. ಪಠ್ಯಪುಸ್ತಕದ ಕ್ಯೂಆರ್ ಕೋಡಿಗೆ ದೀಕ್ಷಾ, ಸುತ್ತೋಲೆಗೆ ವಾಟ್ಸ್ಆ್ಯಪ್. 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಂತೂ ರಾಜ್ಯದ ಶಿಕ್ಷಕರು ಸ್ವಂತ ಮೊಬೈಲ್ ಹಿಡಿದೇ ಮನೆಮನೆ ತಿರುಗಿದರು. ಇಷ್ಟೆಲ್ಲ ದುಡಿಯುವ ಫೋನಿನಲ್ಲಿ ಯಾರೂ ಕರೆಯದೆ ಬಂದು ಕೂತ ಆಟ, ಶಾಪಿಂಗ್, ಸುದ್ದಿ ಆ್ಯಪ್‌ಗಳೂ ಇರುತ್ತವೆ. ಅವನ್ನೆಲ್ಲ ಕಿತ್ತೆಸೆಯುವುದು ಆಗದ ಮಾತು. ತೆಪ್ಪಗೆ ಕೂರಿಸುವುದು ಮಾತ್ರ ಅರ್ಧ ಗಂಟೆಯ ಕೆಲಸ.

1. ಅಂಗಡಿಯಲ್ಲಿ ಫೋನ್ ಆನ್ ಮಾಡಿಸಬೇಡಿ

ಕೌಂಟರಿನ ಹುಡುಗ ಸಿಮ್ ಹಾಕಿ, ಕಣ್ಣು ಮಿಟುಕಿಸುವುದರೊಳಗೆ ನಾಲ್ಕೈದು ಸಲ ‘ಒಪ್ಪುತ್ತೇನೆ’ ಒತ್ತಿ ಕೈಗಿಡುತ್ತಾನೆ. ಪಾಪ, ಅವನಿಗೆ ಮುಂದಿನ ಗಿರಾಕಿಯ ಚಿಂತೆ. ಆದರೆ ‘ಈ ಆ್ಯಪ್‌ಗಳನ್ನೂ ಹಾಕಲೇ?’, ‘ಶಿಫಾರಸುಗಳನ್ನು ತೋರಿಸಲೇ?’ ಎಂದು ಫೋನು ಕೇಳುವುದು ಆ ಪರದೆಗಳಲ್ಲೇ. ಮೊದಲೇ ಟಿಕ್ ಆಗಿರುವ ಚೌಕಗಳನ್ನು ಖಾಲಿ ಮಾಡಿದರೆ ಎಷ್ಟೋ ಆ್ಯಪ್‌ಗಳು ಒಳಗೇ ಬರುವುದಿಲ್ಲ. ‘ಕೊಡಪ್ಪ, ಮನೇಲಿ ನಾನೇ ಮಾಡ್ಕೋತೀನಿ’ ಅಂದುಬಿಡಿ.

2. ಯಾವ ಜಾತಿಯದು ಎಂದು ಮೊದಲು ನೋಡಿ

ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿ ತೆರೆದು ಒಂದೊಂದನ್ನೇ ಒತ್ತಿ. ‘ಅನ್‌ಇನ್‌ಸ್ಟಾಲ್’ ಎಂದಿದ್ದರೆ ಯೋಚನೆಯೇ ಬೇಡ, ತೆಗೆಯಿರಿ. ‘ನಿಷ್ಕ್ರಿಯಗೊಳಿಸಿ’ ಎಂದು ಮಾತ್ರ ಇದ್ದರೆ ಮೂರನೇ ಸೂತ್ರ. ಎರಡೂ ಮಸುಕಾಗಿದ್ದರೆ ನಾಲ್ಕನೆಯದು.

3. ತೆಗೆಯಲಾಗದ್ದರ ಜೊತೆ ಹಟಕ್ಕೆ ಬೀಳಬೇಡಿ

ಕಾರ್ಖಾನೆಯಲ್ಲೇ ಬಂದ ಆ್ಯಪ್‌ನ ಮೂಲ ಪ್ರತಿ ಇರುವುದು ಸಿಸ್ಟಂ ವಿಭಾಗದಲ್ಲಿ. ಅಲ್ಲಿ ಓದಬಹುದು, ಅಳಿಸುವಂತಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟಕ್ಕೆ ಅಂಟಿದ ಕೋಟೆಯಂತೆ ಅದು: ಗೋಡೆ ಕದಲದು, ಬಾಗಿಲು ಮುಚ್ಚಬಹುದು. ನಿಷ್ಕ್ರಿಯಗೊಳಿಸಿದರೆ ಆ್ಯಪ್ ಓಡುವುದಿಲ್ಲ, ಡೇಟಾ ತಿನ್ನುವುದಿಲ್ಲ, ಪಟ್ಟಿಯಿಂದಲೂ ಮರೆಯಾಗುತ್ತದೆ. ಅಪ್‌ಡೇಟ್‌ಗಳ ರೂಪದಲ್ಲಿ ಅದು ನುಂಗಿದ್ದ ಜಾಗ ನಿಮಗೆ ವಾಪಸ್. ಬೇಕೆನಿಸಿದ ದಿನ ಮತ್ತೆ ಚಾಲೂ ಮಾಡಬಹುದು.

ಕಂಪ್ಯೂಟರಿಗೆ ಜೋಡಿಸಿ ‘ಎಡಿಬಿ’ ಆದೇಶ ಕೊಟ್ಟು ತೆಗೆಯುವ ವಿದ್ಯೆಯೂ ಇದೆ. ಅದು ಕೂಡ ನಿಮ್ಮ ಬಳಕೆಯಿಂದ ಆ್ಯಪನ್ನು ದೂರವಿಡುತ್ತದೆ ಅಷ್ಟೆ. ಮೂಲ ಪ್ರತಿ ಅಲ್ಲೇ ಇರುತ್ತದೆ, ಫ್ಯಾಕ್ಟರಿ ರೀಸೆಟ್ ಮಾಡಿದರೆ ಹಲ್ಲು ಕಿರಿಯುತ್ತ ಎದ್ದು ಬರುತ್ತದೆ. ಕುತೂಹಲವಿದ್ದವರು ಹಳೇ ಫೋನಿನಲ್ಲಿ ಮಾಡಿ ನೋಡಲಿ. ಸಮೀಕ್ಷೆಗೆ ಹೊರಟ ಫೋನಿನಲ್ಲಿ ಮಾತ್ರ ಬೇಡ.

ಕಾನೂನಿನ ಕಡೆ ನೋಡುತ್ತ ಕೂತರೂ ಸದ್ಯಕ್ಕೆ ಫಲವಿಲ್ಲ. 2022ರ ಅಕ್ಟೋಬರ್ 20ರಂದು ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿ, ಮೊದಲೇ ತುಂಬಿಸಿದ ತನ್ನ ಆ್ಯಪ್‌ಗಳನ್ನು ಬಳಕೆದಾರರು ತೆಗೆಯದಂತೆ ತಡೆಯಕೂಡದು ಎಂದೂ ಹೇಳಿತ್ತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿ ಹಿಡಿಯಿತು, ಈ ಮಾತನ್ನು ಮಾತ್ರ ತೆಗೆದುಹಾಕಿತು. ಇನ್ನು ಸರ್ಕಾರವೇ 2025ರ ನವೆಂಬರ್ ಕೊನೆಯಲ್ಲಿ ಹೊಸ ಫೋನ್‌ಗಳಲ್ಲೆಲ್ಲ ‘ಸಂಚಾರ್ ಸಾಥಿ’ ಮೊದಲೇ ಇರಬೇಕೆಂದು ಆದೇಶಿಸಿ, ಗಲಾಟೆಯಾದ ಮೇಲೆ ಡಿಸೆಂಬರ್ 3ರಂದು ಹಿಂದಕ್ಕೆ ಪಡೆಯಿತು. ಕಳೆದ ಫೋನನ್ನು ಬ್ಲಾಕ್ ಮಾಡಿಸಲು ಅದು ಒಳ್ಳೆಯ ಆ್ಯಪೇ. ಆದರೆ ಹಾಕಿಕೊಳ್ಳುವ ಕೈ ನಮ್ಮದಾಗಿರಬೇಕು ಎಂಬ ಜನರ ವಾದವೂ ಸರಿಯಾದದ್ದೇ.

4. ಗುಂಡಿ ಮಸುಕಾಗಿದ್ದರೆ ಅನುಮತಿ ಕಿತ್ತುಕೊಳ್ಳಿ

ಅದೇ ಪುಟದಲ್ಲಿ ಅಧಿಸೂಚನೆ ಬಂದ್. ಲೊಕೇಶನ್, ಮೈಕ್, ಸಂಪರ್ಕಗಳ ಅನುಮತಿ ಬಂದ್. ಹಿನ್ನೆಲೆಯ ಡೇಟಾ ಬಂದ್. ಪಾಠದ ನಡುವೆ ‘ಇವತ್ತಿನ ಭರ್ಜರಿ ಆಫರ್’ ಎಂದು ಕೂಗುವವನ ಗಂಟಲು ಅಲ್ಲಿಗೆ ಕಟ್ಟಿತು.

5. ಲಾಕ್ ಸ್ಕ್ರೀನಿನ ಸಂತೆ ಎಬ್ಬಿಸಿ

ಬೀಗ ತೆಗೆಯುವ ಮುನ್ನವೇ ಸಿನಿಮಾ ನಟಿ, ಕ್ರಿಕೆಟ್ ಸ್ಕೋರು, ಜಾಹೀರಾತು ಬರುತ್ತಿದೆಯೇ? ಅನೇಕ ಬ್ರ್ಯಾಂಡ್‌ಗಳಲ್ಲಿ ಇದು ‘ಗ್ಲಾನ್ಸ್’. ದೂರದ್ದೇನಲ್ಲ, ನಮ್ಮ ಬೆಂಗಳೂರಿನ ಇನ್‌ಮೊಬಿ ಬಳಗದ್ದೇ. ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ ಆ ಹೆಸರು ಟೈಪಿಸಿ ಆಫ್ ಮಾಡಿ. ‘ಹಾಟ್ ಆ್ಯಪ್ಸ್’, ‘ಹಾಟ್ ಗೇಮ್ಸ್’ ಫೋಲ್ಡರುಗಳಿಗೂ ಇದೇ ಗತಿ. ಪಾವಗಡದ ತಿರುಮಣಿ ಸೋಲಾರ್ ಪಾರ್ಕ್ 2,050 ಮೆಗಾವಾಟ್‌ನದು, ನಿಜ. ಹಾಗಂತ ಬೇರೆಯವರ ಜಾಹೀರಾತಿಗೆ ನಾವು ಚಾರ್ಜ್ ಮಾಡಿಕೊಡಬೇಕೇ?

6. ಇವನ್ನು ಮುಟ್ಟಲೇಬೇಡಿ

ಗೂಗಲ್ ಪ್ಲೇ ಸರ್ವೀಸಸ್, ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ, ಸಿಮ್ ಟೂಲ್‌ಕಿಟ್, ನೀವು ಬಳಸುವ ಕನ್ನಡ ಕೀಬೋರ್ಡು, ಒಟಿಪಿ ಬರುವ ಮೆಸೇಜ್ ಆ್ಯಪ್. ಹೆಸರು ಅಪರಿಚಿತ ಅಂದಮಾತ್ರಕ್ಕೆ ಕಸ ಅಲ್ಲ. 2021ರ ಮಾರ್ಚ್‌ನಲ್ಲಿ ವೆಬ್‌ವ್ಯೂನ ಒಂದು ಕೆಟ್ಟ ಅಪ್‌ಡೇಟ್ ಬಂದಾಗ ಜೀಮೇಲ್ ಸೇರಿ ಎಷ್ಟೋ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿದ್ದವು. ತೆರೆಯ ಹಿಂದಿನ ಆಳುಗಳಿವು.

7. ಜಾಗ ತಿಂದ ಅಸಲಿ ಆಸಾಮಿಯನ್ನು ಹಿಡಿಯಿರಿ

ಬೇಡದ ಆ್ಯಪ್‌ಗಳನ್ನೆಲ್ಲ ತೆಗೆದ ಮೇಲೂ ‘ಸ್ಟೋರೇಜ್ ಭರ್ತಿ’ ಎನ್ನುತ್ತಿದ್ದರೆ ವಾಟ್ಸ್ಆ್ಯಪ್ ಕಡೆ ತಿರುಗಿ. ಶಾಲೆಯ ಗುಂಪು, ಕ್ಲಸ್ಟರ್ ಗುಂಪು, ಸಂಘದ ಗುಂಪು, ಹಳೇ ವಿದ್ಯಾರ್ಥಿಗಳ ಗುಂಪು. ಒಂದೇ ಸುತ್ತೋಲೆಯ ಪಿಡಿಎಫ್ ನಾಲ್ಕೂ ಕಡೆಯಿಂದ ಬಂದಿರುತ್ತದೆ, ಜೊತೆಗೆ ಗುಲಾಬಿ ಹೂವಿನ ಶುಭೋದಯ. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ನಿರ್ವಹಣೆ ತೆರೆದರೆ ಯಾವ ಗುಂಪು ಎಷ್ಟು ತಿಂದಿದೆ ಎಂದು ಅದೇ ದೊಡ್ಡದರಿಂದ ಸಾಲಾಗಿ ತೋರಿಸುತ್ತದೆ. ದೊಡ್ಡ ವಿಡಿಯೊಗಳಿಂದ ಅಳಿಸುತ್ತ ಬನ್ನಿ. ಆಟೊ ಡೌನ್‌ಲೋಡ್ ನಿಲ್ಲಿಸಿ. ಮಕ್ಕಳ ದಾಖಲೆಯ ಫೋಟೊಗಳಿದ್ದರೆ ಅಳಿಸುವ ಮುಂಚೆ ಬೇರೆಡೆ ಇಟ್ಟುಕೊಳ್ಳಿ.

8. ‘ಕ್ಲೀನರ್’ ಹಾಕಬೇಡಿ

ಕಸ ಗುಡಿಸುತ್ತೇನೆ ಎಂದು ಬರುವ ಉಚಿತ ಆ್ಯಪ್‌ಗಳಲ್ಲಿ ಬಹುಪಾಲು ಬದುಕುವುದೇ ಜಾಹೀರಾತಿನ ಮೇಲೆ. ಇರುವ ಕಾಟವೇ ಸಾಕು.

9. ಕಂತಿನ ಫೋನಾದರೆ ಕೊನೆಯ ಕಂತಿನ ದಿನ ಅಂಗಡಿಗೆ ಹೋಗಿ

ಸಾಲದ ಮೇಲೆ ಕೊಂಡ ಎಷ್ಟೋ ಫೋನ್‌ಗಳಲ್ಲಿ ಕಂತು ತಪ್ಪಿದರೆ ಫೋನಿಗೇ ಬೀಗ ಜಡಿಯುವ ಆ್ಯಪ್ ಒಂದನ್ನು ಕೂರಿಸಿರುತ್ತಾರೆ. ಸಾಲ ಇರುವಷ್ಟು ದಿನ ಅದನ್ನು ತೆಗೆಯಲು ಒದ್ದಾಡಬೇಡಿ, ಫೋನೇ ನಿಂತುಹೋದೀತು. ಆದರೆ ಸಾಲ ತೀರಿದ ಮೇಲೂ ಸದ್ದಿಲ್ಲದೆ ಅದು ಉಳಿದುಬಿಡುವುದುಂಟು. ಬಾಕಿ ಇಲ್ಲವೆಂಬ ಪತ್ರ ಕೇಳಿ ಪಡೆಯಿರಿ. ಸೆಟ್ಟಿಂಗ್ಸ್‌ನ ಭದ್ರತೆ ವಿಭಾಗದಲ್ಲಿ ‘ಡಿವೈಸ್ ಅಡ್ಮಿನ್’ ಪಟ್ಟಿ ತೆರೆದು ಆ ಹೆಸರು ಇನ್ನೂ ಇದೆಯೇ ಎಂದು ಅಂಗಡಿಯವರ ಎದುರೇ ನೋಡಿ, ಇದ್ದರೆ ಅವರಿಂದಲೇ ತೆಗೆಸಿ. ಪತ್ರದ ಒಂದು ಪ್ರತಿ ಮನೆಯಲ್ಲಿರಲಿ. ಫೋನನ್ನು ಮಗಳಿಗೋ ತಮ್ಮನಿಗೋ ದಾಟಿಸುವಾಗ ಬೇಕಾಗುತ್ತದೆ.