ಅಡುಗೆ ಬಳಗಕ್ಕೆ ಬಂದವರು ಯಾಕೆ ನಿಲ್ಲುತ್ತಿಲ್ಲ?

ನಾನು ರಾಣೆಬೆನ್ನೂರಿನವಳು, ವಯಸ್ಸು ಐವತ್ತು ದಾಟಿದೆ. ಕೊರೊನಾ ಕಾಲದಲ್ಲಿ ಮನೆ ಬಿಟ್ಟು ಹೊರಗೆ ಹೋಗುವಂತಿಲ್ಲದಾಗ ಒಂದಿಷ್ಟು ಗೆಳತಿಯರು ಸೇರಿ ವಾಟ್ಸ್‌ಆ್ಯಪ್‌ನಲ್ಲಿ ಅಡುಗೆ ಬಳಗ ಕಟ್ಟಿಕೊಂಡೆವು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಊರಿನವರಿದ್ದೇವೆ. ಈಗೀಗ ಬೇರೆ ಸೀಮೆಯಿಂದ ಸೊಸೆಯಾಗಿ ಬಂದವರು, ಪುಣೆ, ಬೆಂಗಳೂರಿನಲ್ಲಿ ನೌಕರಿಗಿರುವ ನಮ್ಮ ಕಡೆಯ ಹುಡುಗಿಯರು, ಒಂದಿಬ್ಬರು ಹುಡುಗರೂ ಸೇರುತ್ತಿದ್ದಾರೆ. ಸೇರಿದ ದಿನ ಎಲ್ಲರೂ ಕೈಮುಗಿಯುವ ಚಿತ್ರ ಹಾಕಿ ಸ್ವಾಗತ ಹೇಳುತ್ತೇವೆ. ಆಮೇಲೆ ಅವರು ಮಾತೇ ಆಡುವುದಿಲ್ಲ. ಕೆಲವರು ಹೇಳದೆ ಕೇಳದೆ ಹೊರಗೆ ಹೋಗುತ್ತಾರೆ.

ಮೊನ್ನೆ ಮಂಡ್ಯ ಕಡೆಯಿಂದ ಬ್ಯಾಡಗಿಗೆ ಮದುವೆಯಾಗಿ ಬಂದ ಹುಡುಗಿಯೊಬ್ಬಳು ತಾನು ಮಾಡಿದ ಜೋಳದ ರೊಟ್ಟಿಯ ಫೋಟೊ ಹಾಕಿ, "ಹರಿದು ಹೋಗ್ತಿದೆ, ಏನ್ ಮಾಡ್ಲಿ?" ಅಂತ ಕೇಳಿದಳು. ನಮ್ಮ ಹಿರಿಯರೊಬ್ಬರು, "ರೊಟ್ಟಿ ಮಾಡೀಯೋ, ನಕಾಶಿ ತಗದೀಯೋ?" ಅಂದರು. ಮಂದಿಯೆಲ್ಲ ನಗುವ ಗೊಂಬೆ ಹಾಕಿದರು. ಅವತ್ತಿನಿಂದ ಆಕೆಯ ಸುದ್ದಿಯಿಲ್ಲ. ಹಿರಿಯರಿಗೆ ಮೆಲ್ಲಗೆ ಹೇಳಿದರೆ, "ಕಲೀಬೇಕಂದ್ರ ಬೈಸ್ಕೋಬೇಕು, ನಾವೇನು ಹಂಗ ಕಲ್ತೇವೇನು?" ಅನ್ನುತ್ತಾರೆ. ಹೊಸಬರು ಕೇಳಿದ್ದನ್ನೇ ಕೇಳುತ್ತಾರೆ ಅನ್ನುವ ಬೇಸರವೂ ಹಳಬರಿಗಿದೆ. ಬಳಗ ಒಡೆಯಬಾರದು, ಹೊಸಬರೂ ನಿಲ್ಲಬೇಕು. ದಾರಿ ತೋರಿಸಿ.

ಹೆಸರು ಬೇಡ, ರಾಣೆಬೆನ್ನೂರು

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಕ್ಕವರು ಯಾರು, ಬೈದವರು ಯಾರು ಎಲ್ಲ ಬರೆದಿದ್ದೀರಿ. ಆದರೆ ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಕೊಟ್ಟವರು ಯಾರು ಅನ್ನುವುದು ಮಾತ್ರ ಅದರಲ್ಲಿಲ್ಲ. ಯಾರೂ ಕೊಟ್ಟಿಲ್ಲ ಅಂತಲೇ ನಾನು ತಿಳಿದುಕೊಂಡಿದ್ದೇನೆ. ನಗೆಯ ನೋವು ನಾಲ್ಕು ದಿನಕ್ಕೆ ಆರಬಹುದು. ಮರುದಿನ ಬೆಳಿಗ್ಗೆ ಮತ್ತೆ ಹಂಚಿನ ಮುಂದೆ ನಿಂತಾಗ ರೊಟ್ಟಿ ಮತ್ತೆ ಹರಿಯಿತಲ್ಲ, ಆಗ ಅವಳು ನಿಮ್ಮ ಬಳಗವನ್ನು ಬಿಟ್ಟಿದ್ದಾಳೆ.

ಹಾಗಾಗಿ ಮೊದಲು ಅವಳ ಉತ್ತರ ಅವಳಿಗೆ ತಲುಪಲಿ. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಹಾಗೆ ಎಳೆದರೆ ಹಿಗ್ಗುವ ಅಂಟು ಇರುವುದಿಲ್ಲ. ಮಳಮಳ ಕುದಿಯುವ ನೀರು ಬಿದ್ದಾಗ ಒಳಗಿನ ಪಿಷ್ಟ ಬೆಂದು ಜಿಗುಟು ಬಿಡುತ್ತದೆ, ರೊಟ್ಟಿಯನ್ನು ಹಿಡಿದಿಡುವುದು ಆ ಜಿಗುಟೇ. ನೀರು ಬರೀ ಬೆಚ್ಚಗಿದ್ದರೆ ಬಡಿಯುವಾಗಲೇ ಅಂಚು ಬಿರಿಯುತ್ತದೆ. ಹಿಟ್ಟು ಹಳತಾದರೂ ಅದೇ ಗತಿ. ಬೀಸಿಸಿ ಬಹಳ ದಿನವಾದ ಹಿಟ್ಟಿನಲ್ಲಿ ನುರಿತ ಕೈಗಳೂ ಸೋಲುತ್ತವೆ. ಒಂದು ಲೋಟ ಹಿಟ್ಟಿಗೆ ಮುಕ್ಕಾಲು ಲೋಟ ಕುದಿನೀರಿನಿಂದ ಶುರು ಮಾಡಿ, ಹಿಟ್ಟಿನ ಗುಣ ನೋಡಿ ಸ್ವಲ್ಪ ಹೆಚ್ಚು ಕಡಿಮೆ ಮಾಡಿಕೊಳ್ಳಲಿ. ಎಲ್ಲ ಹಿಟ್ಟನ್ನೂ ಒಟ್ಟಿಗೆ ನಾದಿಡುವುದು ಬೇಡ. ಒಂದು ರೊಟ್ಟಿಗೆ ಬೇಕಾದಷ್ಟನ್ನೇ ಎಳೆದುಕೊಂಡು ಅಂಗೈ ಬುಡದಿಂದ ಒತ್ತಿ ಒತ್ತಿ ನಾದಲಿ. ಹಂಚು ಚೆನ್ನಾಗಿ ಕಾದಿರಲಿ. ರೊಟ್ಟಿ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಲಿ, ತಡ ಮಾಡಿದರೆ ಒಣಗಿ ಸೀಳು ಬಿಡುತ್ತದೆ.

ಇದನ್ನು ನಿಮಗೆ ಹೇಳಿಕೊಡುವ ಅಗತ್ಯವಿಲ್ಲ, ನನಗಿಂತ ಚೆನ್ನಾಗಿ ನೀವೇ ಬಲ್ಲಿರಿ. ನಿಮ್ಮ ಬಳಗದಲ್ಲಿ ಇದನ್ನು ಬಲ್ಲ ಹತ್ತಾರು ಜನ ಇದ್ದೂ ಅವಳಿಗೆ ಒಂದು ಮಾತೂ ದಕ್ಕಲಿಲ್ಲ ಅನ್ನುವುದೇ ನನ್ನ ಸಂಕಟ. ಉತ್ತರಕ್ಕಿಂತ ಮೊದಲು ಯಾರಾದರೂ ಅವಳನ್ನು ಹೀಗೆ ಕೇಳಿದ್ದರೆ ಸಾಕಿತ್ತು: "ಹಿಟ್ಟು ಯಾವಾಗ ಬೀಸಿಸಿದ್ದವಾ? ನೀರು ಕುದ್ದಿತ್ತಾ? ಹರಿಯೂದು ಬಡಿಯೂವಾಗೋ, ಎತ್ತಿ ಹಂಚಿಗೆ ಹಾಕೂವಾಗೋ?" ಹೀಗೆ ಕೇಳಿದಾಗ ಮಾತು ಹಿಟ್ಟಿನ ಮೇಲೆ, ನೀರಿನ ಮೇಲೆ ನಡೆಯುತ್ತದೆ. ನಕಾಶಿ ಅಂದಾಗ ಮಾತು ಅವಳ ಮೇಲೆ ಬಿತ್ತು. ಹೊಸಬರು ನಿಲ್ಲುವುದೂ ಹೋಗುವುದೂ ಬಹುಮಟ್ಟಿಗೆ ಇಲ್ಲೇ ತೀರ್ಮಾನವಾಗುತ್ತದೆ ಅಂತ ನಾನು ನಂಬಿದ್ದೇನೆ.

ಹಿರಿಯರ ಮಾತನ್ನು ತಳ್ಳಿಹಾಕುವುದು ಬೇಡ. ಅವರು ಬೈಸಿಕೊಂಡೇ ಕಲಿತರು, ನಿಜ. ಆದರೆ ಅವರು ಕಲಿತದ್ದು ಅವ್ವನ ಪಕ್ಕದಲ್ಲಿ, ಅತ್ತೆಯ ಪಕ್ಕದಲ್ಲಿ ಕೂತು. ಅತ್ತೆ "ಇಷ್ಟೂ ಬರಂಗಿಲ್ಲೇನು?" ಅಂತ ಬೈದ ಮರುಗಳಿಗೆಗೆ ತಾನೇ ಹಿಟ್ಟಿಗೆ ಕೈ ಹಾಕಿ, "ಇಕಾ, ಹಿಂಗ" ಅಂತ ನಾದಿ ತೋರಿಸುತ್ತಿದ್ದಳು. ಬೈಗುಳದ ಬೆನ್ನಿಗೇ ಕೈಯೂ ಇತ್ತು. ಮೊಬೈಲಿನಲ್ಲಿ ಬೈಗುಳವಷ್ಟೇ ಹೋಗಿ ತಲುಪುತ್ತದೆ, ಕೈ ಹೋಗುವುದಿಲ್ಲ. ಈ ವ್ಯತ್ಯಾಸವನ್ನು ಆ ಹಿರಿಯರಿಗೆ ತಿಳಿಸಿ ಹೇಳಿ. ಎಲ್ಲರೆದುರು ಹೇಳಬೇಡಿ, ಅವರ ಮನೆಗೇ ಹೋಗಿ, ಚಹಾ ಕುಡಿಯುತ್ತ ಹೇಳಿ. ಜೊತೆಗೊಂದು ಜವಾಬ್ದಾರಿಯನ್ನೂ ವಹಿಸಿ: ಅವರು ರೊಟ್ಟಿ ಬಡಿಯುವುದನ್ನು ಮೊಮ್ಮಗನೋ ಮೊಮ್ಮಗಳೋ ಐದು ನಿಮಿಷ ವಿಡಿಯೊ ಮಾಡಲಿ, ಹಿಟ್ಟು ಹಾಕಿ ನೀರು ಬಿಡುವುದರಿಂದ ಹಿಡಿದು ರೊಟ್ಟಿ ಉಬ್ಬುವವರೆಗೆ. ತಮ್ಮ ಕೈಗುಣಕ್ಕೆ ಬೆಲೆಯಿದೆ ಅನ್ನುವುದು ಖಾತ್ರಿಯಾದರೆ ಹಿರಿಯರ ನಾಲಿಗೆ ತಾನಾಗಿ ಮೆತ್ತಗಾಗುತ್ತದೆ. ಎಷ್ಟೋ ಮನೆಗಳಲ್ಲಿ ನಾನಿದನ್ನು ನೋಡಿದ್ದೇನೆ.

ಕೇಳಿದ್ದನ್ನೇ ಕೇಳುತ್ತಾರೆ ಅನ್ನುವ ಬೇಸರಕ್ಕೂ ಆ ವಿಡಿಯೊ ಅರ್ಧ ಮದ್ದು. ಆದರೆ ಪ್ರಶ್ನೆ ಬಂದಾಗ ವಿಡಿಯೊ ಎಸೆದು ಸುಮ್ಮನಾಗಬೇಡಿ. "ಇದನ್ನ ನೋಡವಾ, ಆಮೇಲೂ ಹರಿದ್ರ ನನಗ ಹೇಳು" ಅಂತ ಒಬ್ಬರಾದರೂ ಅನ್ನಬೇಕು. ಹೊಸ ಮನೆಗೆ ಬಂದ ಸೊಸೆ ರೊಟ್ಟಿಯ ಬಗ್ಗೆ ಕೇಳುವಾಗ ಅವಳ ತಲೆಯಲ್ಲಿ ರೊಟ್ಟಿಯೊಂದೇ ಇರುವುದಿಲ್ಲ. ತಟ್ಟೆ ಮುಂದೆ ಕೂತ ಮಾವ ಇರುತ್ತಾರೆ, ಡಬ್ಬಿಗೆ ಕಾಯುವ ಗಂಡ ಇರುತ್ತಾನೆ. ಹೀಗೆ ಜೊತೆಗಿರಲು ಹೊಸಬರಿಗೆ ಒಬ್ಬೊಬ್ಬರನ್ನು ಗೊತ್ತು ಮಾಡಿ. ಅದಕ್ಕೆ ಬಳಗದ ದೊಡ್ಡ ಪಾಕಪ್ರವೀಣೆಯೇ ಆಗಬೇಕೆಂದಿಲ್ಲ. ಹೋದ ವರ್ಷ ಸೇರಿ ಈಗಷ್ಟೇ ಕೈ ಕುದುರಿದವಳು ಇದಕ್ಕೆ ಹೆಚ್ಚು ತಕ್ಕವಳು. ಎಲ್ಲಿ ಎಡವಿದ್ದೆ ಅನ್ನುವುದು ಅವಳಿಗೆ ಇನ್ನೂ ನೆನಪಿರುತ್ತದೆ.

ಹಳಬರ ಕಣ್ಣಿಗೆ ಸುಲಭವಾಗಿ ಬೀಳದ ಒಂದು ತೊಡಕಿದೆ. ಬ್ಯಾಡಗಿಯವರು ಅಡುಗೆ ಹೇಳುವಾಗ "ಹತ್ತು ಒಣಮೆಣಸಿನಕಾಯಿ ಹಾಕ್ರಿ" ಅನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದು ತಮ್ಮೂರಿನ ಮೆಣಸಿನಕಾಯಿ: ಸುಕ್ಕುಗಟ್ಟಿದ್ದು, ಬಣ್ಣ ದಟ್ಟ, ಖಾರ ಕಡಿಮೆ. ದುಂಡಗಿನ ಡಬ್ಬಿಯಾಗಲಿ, ಉದ್ದನೆಯ ಕಡ್ಡಿಯಾಗಲಿ, ಹೆಸರು ಪಡೆದದ್ದು ಬಣ್ಣದಿಂದಲೇ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮನ್ನಣೆ ಸಿಕ್ಕಿತು. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ವರೆಗೆ ಹೋಗುತ್ತದೆ. ಪುಣೆಯಲ್ಲಿರುವ ಹುಡುಗಿ ಅದೇ ಹತ್ತನ್ನು ಅಂಗಡಿಯಲ್ಲಿ ಸಿಕ್ಕ ಗುಂಟೂರು ಮೆಣಸಿನಕಾಯಿಯಲ್ಲಿ ಹಾಕಿದರೆ ಮನೆಮಂದಿಯೆಲ್ಲ ನೀರು ಕುಡಿಯುತ್ತ ಕೂರಬೇಕು. ಆಗ ಅವಳು ನಿಮ್ಮನ್ನು ದೂರುವುದಿಲ್ಲ. ನನಗೆ ಅಡುಗೆ ಬರುವುದಿಲ್ಲ ಅಂದುಕೊಂಡು ಸುಮ್ಮನಾಗುತ್ತಾಳೆ. ಹೇಳಿದವರದೂ ತಪ್ಪಿಲ್ಲ, ಮಾಡಿದವಳದೂ ತಪ್ಪಿಲ್ಲ. ಯಾವ ಮೆಣಸಿನಕಾಯಿ ಅನ್ನುವ ಮಾತೊಂದು ಬಿಟ್ಟುಹೋಗಿತ್ತು ಅಷ್ಟೆ.

ಕಣ್ಣಳತೆ, ಕೈಯಳತೆಯೂ ಹೀಗೆಯೇ. "ಬೇಕಾದಷ್ಟು ಉಪ್ಪು" ಅನ್ನುವುದು ಗೊತ್ತಿದ್ದವರಿಗೆ ಅಳತೆ, ಗೊತ್ತಿಲ್ಲದವರಿಗೆ ಗೋಡೆ. ಚಮಚದಲ್ಲಿ, ಲೋಟದಲ್ಲಿ ಹೇಳುವ ರೂಢಿ ಮಾಡಿಕೊಳ್ಳಿ. ಗುರೆಳ್ಳು ಚಟ್ನಿ ಹೇಳುವವರು ಗುರೆಳ್ಳು ಎಂಥದ್ದು ಅಂತ ಒಂದು ಫೋಟೊ ಹಾಕಲಿ. ಪುಂಡಿಪಲ್ಲೆ ಸಿಗದ ಊರಿನಲ್ಲಿರುವವರಿಗೆ ಬದಲು ಏನು ಮಾಡಬಹುದು ಅಂತ ತಿಳಿಸಲಿ. ಅಡುಗೆ ಮಾಡುವ ಹುಡುಗರಿಗೆ "ಹೆಂಡ್ತಿ ತವರಿಗೆ ಹೋಗ್ಯಾಳೇನು?" ಅಂತ ಕೇಳುವುದನ್ನು ಇವತ್ತಿಗೇ ನಿಲ್ಲಿಸಿ.

ಇನ್ನೊಂದು ಸೂಕ್ಷ್ಮವಿದೆ. "ಹೇಗಿದೆ ಹೇಳಿ" ಅಂತ ಫೋಟೊ ಹಾಕುವವರಿರುತ್ತಾರೆ, "ಇವತ್ತು ಮಾಡಿದೆ" ಅಂತ ಹಾಕುವವರೂ ಇರುತ್ತಾರೆ. ಎರಡನೆಯವರು ತಿದ್ದುಪಡಿ ಕೇಳಿಲ್ಲ. ಅವರ ರೊಟ್ಟಿ ದಪ್ಪ, ಪಲ್ಲೆ ನೀರು ಅಂತ ಅಂಕ ಕೊಡಬೇಡಿ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಲಕ್ಷಗಟ್ಟಲೆ ರೊಟ್ಟಿ ಬರುತ್ತವೆ. ಒಂದೂರಿನದು ತೆಳು, ಇನ್ನೊಂದೂರಿನದು ದಪ್ಪ. ಎಲ್ಲ ಸೇರುವುದು ಒಂದೇ ರಾಶಿಗೆ, ಉಣ್ಣುವವರು ಅದನ್ನೇ ಉಣ್ಣುತ್ತಾರೆ.

ಆ ಮಂಡ್ಯದ ಹುಡುಗಿಯ ವಿಷಯಕ್ಕೆ ಮತ್ತೆ ಬರೋಣ. ನಿಮ್ಮ ಬಳಗದಲ್ಲಿ ಅವಳು ಇಲ್ಲಿಯವರೆಗೆ ಬರೀ ಕಲಿಯುವವಳು. ತನ್ನೂರಲ್ಲಿ ಅವಳು ಅಡುಗೆ ಬಲ್ಲವಳೇ ಇರಬಹುದು. ಗಂಟಿಲ್ಲದ ರಾಗಿಮುದ್ದೆ ಕಟ್ಟುವುದು, ಬಸ್ಸಾರಿಗೆ ಕಟ್ಟು ಬಸಿದು ಮಸಾಲೆ ಕೂಡಿಸುವುದು ಅವಳ ಕೈಗೆ ಬಂದ ವಿದ್ಯೆಯಾಗಿರಬಹುದು. ಅದನ್ನು ಯಾರಾದರೂ ಕೇಳಿದ್ದೀರಾ? ಸೇರಿದ ದಿನ ಕೈಮುಗಿಯುವ ಚಿತ್ರ ಹಾಕುವ ಬದಲು "ನಿಮ್ಮ ಮನೆಯಲ್ಲಿ ಹಬ್ಬಕ್ಕೆ ಏನು ಮಾಡುತ್ತಾರೆ?" ಅಂತ ಕೇಳಿ ನೋಡಿ. ಕೊಡುವುದಕ್ಕೆ ತನ್ನಲ್ಲೂ ಏನೋ ಇದೆ ಅಂತ ತಿಳಿದವಳು ಕೇಳುವುದಕ್ಕೂ ಅಂಜುವುದಿಲ್ಲ. "ಅದೆಲ್ಲ ನಮ್ಮ ಕಡೆ ಊಟ ಅಲ್ಲ" ಅಂತ ಯಾರಾದರೂ ಅಂದರೆ, 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ 'ಸೂಪಶಾಸ್ತ್ರ'ದ ವಿಷಯ ಹೇಳಿ. ಅಡುಗೆಗಾಗಿಯೇ ಬರೆದ ಆ ಕನ್ನಡ ಕೃತಿಯಲ್ಲಿ ಬದನೆಕಾಯಿಗೆ ಬಗೆಬಗೆಯ ಪಾಕಗಳಿವೆ, ಮೆಣಸಿನಕಾಯಿ ಇಲ್ಲ. ಅಮೆರಿಕ ಖಂಡದ ಆ ಬೆಳೆ ಪೋರ್ಚುಗೀಸರ ಹಡಗಿನಲ್ಲಿ ಬಂದು ನಮ್ಮ ನೆಲಕ್ಕೆ ಹೊಂದಿಕೊಂಡದ್ದು ಆಮೇಲೆ. ಸೇಂಗಾ, ಗೋವಿನಜೋಳ ಕೂಡ ಆ ಕಡೆಯಿಂದಲೇ ಬಂದವು. ಇವತ್ತು ಇವನ್ನು ಬಿಟ್ಟು ಹಾವೇರಿ ಜಿಲ್ಲೆಯ ಹೊಲವೂ ಇಲ್ಲ, ಊಟವೂ ಇಲ್ಲ.

ನೀವು ಬರೆಯದಿದ್ದರೂ ನಾನೇ ಎತ್ತಬೇಕಾದ ಮಾತೊಂದಿದೆ. ನಾಳೆ ಯಾರಾದರೂ ಮೊಟ್ಟೆ ಸಾರಿನದೋ ಕೋಳಿ ಸಾರಿನದೋ ಫೋಟೊ ಹಾಕುತ್ತಾರೆ. ಆಗ "ಇಲ್ಲಿ ಇಂಥಾದ್ದು ಹಾಕಬ್ಯಾಡ್ರಿ" ಅಂತ ಒಬ್ಬರು ಅಂದರೆ, ಆ ಮಾತಿನ ಹಿಂದೆ ಜಾತಿಯ ವಾಸನೆ ಬಂದೇ ಬರುತ್ತದೆ; ಆ ಮನೆಯವರು ಮತ್ತೆ ನಿಮ್ಮ ಕಡೆ ತಿರುಗಿ ನೋಡುವುದಿಲ್ಲ. ನಿಮ್ಮದು ಸಸ್ಯಾಹಾರದ ಬಳಗವಾದರೆ ಅದನ್ನು ಸೇರುವ ದಿನವೇ ಎಲ್ಲರಿಗೂ ಒಂದೇ ಸಮನಾಗಿ ಹೇಳಿಬಿಡಿ, ಅದರಲ್ಲಿ ಅವಮಾನವಿಲ್ಲ. ಹಾಗೆ ಹೇಳಿಲ್ಲವೆಂದರೆ ಎಲ್ಲರ ಒಲೆಗೂ ಒಂದೇ ಮರ್ಯಾದೆ. ನನ್ನನ್ನು ಕೇಳಿದರೆ ಎರಡನೆಯದೇ ಒಳ್ಳೆಯದು. ಉಣ್ಣದವರು ನೋಡಿ ಮುಂದೆ ಹೋಗಲಿ. ಯಾರೂ ಯಾರ ತಟ್ಟೆಗೂ ಬಡಿಸುತ್ತಿಲ್ಲ.

ಕೊನೆಗೆ, ವರ್ಷಕ್ಕೆ ಒಮ್ಮೆಯಾದರೂ ಮುಖಾಮುಖಿ ಸೇರಿ. ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ ಬ್ಯಾಡಗಿ ಇದೆ, ಎರಡೂ ಕಡೆಯವರಿಗೆ ದೂರವಾಗದು. ಮೆಣಸಿನಕಾಯಿ ಸುಗ್ಗಿಯಲ್ಲಿ, ಫೆಬ್ರುವರಿ-ಮಾರ್ಚ್ ಹೊತ್ತಿಗೆ, ಮನೆಮನೆಗೂ ವರ್ಷದ ಮಸಾಲಿ ಖಾರ ಮಾಡಿಕೊಳ್ಳುವ ಕಾಲ. ಈ ಸಲ ಅದನ್ನು ಬಳಗದ ಕೆಲಸ ಮಾಡಿಕೊಳ್ಳಿ. ಸೋಮವಾರ, ಗುರುವಾರ ಮಾರುಕಟ್ಟೆಯ ಗದ್ದಲ ಇರುತ್ತದೆ. ಕಾಯಿ ಕೊಂಡಿಟ್ಟುಕೊಂಡು ಬೇರೊಂದು ದಿನ ಯಾರದಾದರೂ ಮನೆಯ ಪಡಸಾಲೆಯಲ್ಲಿ ಕೂತುಕೊಳ್ಳಿ. ತೊಟ್ಟು ಬಿಡಿಸುವುದು, ಬಿಸಿಲಿಗೆ ಹರವುವುದು, ಕೊತ್ತಂಬರಿ ಕಾಳು ಆರಿಸುವುದು, ಒಣಕೊಬ್ಬರಿ ತುರಿಯುವುದು, ಬಳ್ಳೊಳ್ಳಿ ಸುಲಿಯುವುದು, ಇವಕ್ಕೆ ಯಾರ ಕೈಯಾದರೂ ಆದೀತು. ರೊಟ್ಟಿ ಬಡಿಯಲು ಕೂರಿಸಿದರೆ ಹೊಸಬಳು ಎಲ್ಲರ ಕಣ್ಣಿಗೆ ಗುರಿಯಾಗುತ್ತಾಳೆ. ತೊಟ್ಟು ಬಿಡಿಸಲು ಕೂತರೆ ಮೊದಲ ದಿನವೇ ಎಲ್ಲರಷ್ಟೇ ಕೆಲಸ ಮಾಡುತ್ತಾಳೆ, ಕೈ ಓಡುತ್ತಿದ್ದರೆ ಬಾಯಿಯೂ ಬಿಚ್ಚುತ್ತದೆ. ಖಾರ ಹುರಿಯುವ ಹದವನ್ನು ನಿಮ್ಮ ಆ ಹಿರಿಯರೇ ಹೇಳಿಕೊಡಲಿ. ಅವತ್ತು ಅವರ ಪಕ್ಕದಲ್ಲಿ ಕೂರುವವಳು ಆ ಹುಡುಗಿಯೇ ಆದರೆ ಇನ್ನೂ ಒಳ್ಳೆಯದು, ಆದರೆ ಒತ್ತಾಯ ಮಾಡಬೇಡಿ.

ಸುಗ್ಗಿ ಬರಲಿ ಅಂತ ಅಲ್ಲಿಯವರೆಗೆ ಕಾಯಬೇಡಿ. ಅವಳಿಗೆ ಇವತ್ತು ಸಂಜೆಯೇ ಫೋನ್ ಮಾಡಿ. "ಯಾಕೆ ಮಾತಾಡ್ತಿಲ್ಲ, ಮತ್ತೆ ಬಾ" ಅಂತ ಕರೆಯುವುದು ಬೇಡ, ಅದು ಅವಳ ಮೇಲೆ ಇನ್ನೊಂದು ಭಾರ. ನಡೆದದ್ದು ಸರಿಯಲ್ಲ ಅಂತ ಒಂದು ಮಾತಿನಲ್ಲಿ ಹೇಳಿ. ನೀರು ಕುದ್ದಿತ್ತಾ, ಹಿಟ್ಟು ಯಾವಾಗಿನದು ಅಂತ ಕೇಳಿ, ಉತ್ತರ ಕೊಡಿ. ಆಮೇಲೂ ಬಳಗದಲ್ಲಿ ಮಾತಾಡದೆ ಬರೀ ಓದಿಕೊಂಡು ಇರುತ್ತೇನೆ ಅಂದರೆ ಇರಲಿ ಬಿಡಿ. ಓದಿ ಮನೆಯಲ್ಲಿ ಮಾಡಿ ಉಣ್ಣುವವರೂ ಬಳಗದವರೇ.