ದೃಷ್ಟಿ ಕಳೆದುಕೊಂಡವರಿಗೆ ಸಮಾನ ಅನುಭವಿಗಳ ನೆರವು

ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಿಗೆ ಮನೆಯವರು ಪ್ರೀತಿಯಿಂದ ಎಲ್ಲ ಕೆಲಸಗಳನ್ನೂ ತಾವೇ ಮಾಡಿಕೊಡುವುದುಂಟು. ಇದರಿಂದ ನೀರಿನ ಲೋಟ ಕೈಗೆ ಬರುತ್ತದೆ. ಆದರೆ ತಾನಾಗಿ ನೀರು ಬಗ್ಗಿಸಿಕೊಳ್ಳುವ ಧೈರ್ಯ ಕ್ರಮೇಣ ಕುಗ್ಗುತ್ತದೆ. ಆ ಧೈರ್ಯವನ್ನು ಮರಳಿ ತುಂಬಲು, ಅದೇ ಹಾದಿಯಲ್ಲಿ ಮೊದಲೇ ನಡೆದವರ ಮಾತಿಗೆ ವಿಶೇಷ ಬೆಲೆಯಿದೆ.

ಈ ತತ್ತ್ವ ಹೊಸದಲ್ಲ. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1915ರಲ್ಲಿ ಲಂಡನ್ನಿನಲ್ಲಿ ಸೇಂಟ್ ಡನ್‌ಸ್ಟನ್ಸ್ ಸಂಸ್ಥೆಯನ್ನು ಆರಂಭಿಸಿದ ಆರ್ಥರ್ ಪಿಯರ್ಸನ್ ಸ್ವತಃ ದೃಷ್ಟಿ ಕಳೆದುಕೊಂಡವರಾಗಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಡೆಹ್ರಾಡೂನಿನಲ್ಲಿಯೂ ಅದೇ ಹೆಸರಿನ ವಸತಿಗೃಹ ಪ್ರಾರಂಭವಾಯಿತು. ಅಲ್ಲಿನ ಇಂದಿನ ರಾಷ್ಟ್ರೀಯ ದೃಷ್ಟಿ ವಿಕಲಚೇತನರ ಸಬಲೀಕರಣ ಸಂಸ್ಥೆಯ ಮೂಲ ಅದರಲ್ಲಿದೆ.

ಗುಂಪು ತರಬೇತಿಯಲ್ಲಿ ಬಿಳಿ ಕೋಲಿನ ಬಳಕೆ, ಬ್ರೈಲ್ ಲಿಪಿ, ಮೊಬೈಲ್ ಫೋನಿನ ಪರದೆಯನ್ನು ಓದಿ ಹೇಳುವ ತಂತ್ರಾಂಶ ಮುಂತಾದವುಗಳನ್ನು ಕಲಿಸಲಾಗುತ್ತದೆ. ಲೋಟದ ಅಂಚಿನೊಳಗೆ ಬೆರಳ ತುದಿಯನ್ನಿಟ್ಟು ನೀರಿನ ಮಟ್ಟವನ್ನು ಅರಿಯುವಂತಹ ಸಣ್ಣ ಉಪಾಯಗಳನ್ನು ಒಬ್ಬರಿಂದೊಬ್ಬರು ಕಲಿಯುತ್ತಾರೆ. ಅಂಗವೈಕಲ್ಯ ಪ್ರಮಾಣಪತ್ರವನ್ನು ಪಡೆಯುವ ಕ್ರಮವೂ, 2016ರ ಅಧಿನಿಯಮದನ್ವಯ ಸರ್ಕಾರಿ ಹುದ್ದೆಗಳಲ್ಲಿ ಅಂಧರಿಗೆ ಹಾಗೂ ಮಂದದೃಷ್ಟಿಯವರಿಗೆ ಮೀಸಲಾದ ಶೇಕಡಾ 1ರಷ್ಟು ಪಾಲಿನ ವಿಷಯವೂ ಇಂತಹ ಕೂಟಗಳಲ್ಲಿ ತಿಳಿದುಬರುತ್ತವೆ.

ಇವು ನೇತ್ರಚಿಕಿತ್ಸೆಗೆ ಬದಲಿಯಲ್ಲ. ವೈದ್ಯರ ತಪಾಸಣೆ ಮುಂದುವರಿಯಬೇಕು. ಮನೆಯವರ ಹೊಣೆಯೂ ಇದೆ. ದಾರಿಯಲ್ಲಿ ಅವರನ್ನು ಕೈಹಿಡಿದು ಎಳೆಯದೆ, ತಮ್ಮ ಮೊಣಕೈಯನ್ನು ಹಿಡಿದುಕೊಳ್ಳಲು ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಬೇಕು. ಮನೆಯಲ್ಲಿ ಅವರು ತಾವೇ ಮಾಡಬಲ್ಲ ಕೆಲಸವನ್ನು, ತುಸು ತಡವಾದರೂ, ಅವರಿಗೇ ಬಿಡಬೇಕು.